ಲ್ಯಾಂಡ್‌ಲೈನ್ ಹೋಯ್ತು, ಮನೆಯ ಅಲಾರಂ ಈಗ ಯಾರನ್ನು ಕೂಗಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿದ್ದಾರೆ. ಎಂಟು ವರ್ಷದ ಹಿಂದೆ ಅಲ್ಲಿ ಕಳ್ಳರ ಅಲಾರಂ ಹಾಕಿಸಿದ್ದೆವು. ಬಾಗಿಲು ಮುರಿದರೆ ಹೂಟರ್ ಕೂಗುತ್ತದೆ, ಲ್ಯಾಂಡ್‌ಲೈನ್‌ನಿಂದ ನನ್ನ ಮೊಬೈಲಿಗೆ ರೆಕಾರ್ಡ್ ಮಾಡಿದ ಧ್ವನಿಯ ಕರೆ ಬರುತ್ತಿತ್ತು. ಕಳೆದ ವರ್ಷ ಹಳೆಯ ತಾಮ್ರದ ಲೈನ್ ತೆಗೆದು ಫೈಬರ್ ಕೊಟ್ಟರು. ಅಂದಿನಿಂದ ಕರೆ ಬರುತ್ತಿಲ್ಲ. ಸಿಮ್ ಹಾಕುವ ಒಂದು ಪೆಟ್ಟಿಗೆ ಜೋಡಿಸಿದರೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಇಡೀ ಸಿಸ್ಟಂ ಬದಲಿಸಬೇಕಾ? ಯಾವ ಸಿಮ್ ಹಾಕಬೇಕು? ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರುವುದಿಲ್ಲ, ಆಗ ಏನು ಮಾಡುವುದು? ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ಅಪ್ಪ ಅಮ್ಮ ಎರಡು ತಿಂಗಳು ನಮ್ಮಲ್ಲಿ ಇರುತ್ತಾರೆ. ಮನೆಗೆ ಬೀಗ, ಒಳಗೆ ಅಡಿಕೆ. ಅದೇ ಚಿಂತೆ.

ಉತ್ತರ: ಇಡೀ ಸಿಸ್ಟಂ ಬದಲಿಸಬೇಡಿ. ಎಂಟು ವರ್ಷದ ಪ್ಯಾನೆಲ್, ಅಂದರೆ ಅಲಾರಂನ ಮುಖ್ಯ ಡಬ್ಬಿ, ಅಷ್ಟೇನೂ ಹಳೆಯದಲ್ಲ. ಬಾಗಿಲಿನ ಸೆನ್ಸರ್, ಜಗಲಿಯ ಮೋಷನ್ ಸೆನ್ಸರ್, ಹೊರಗಿನ ಹೂಟರ್ ಕೆಲಸ ಮಾಡುತ್ತಿದ್ದರೆ ಅವು ಹಾಗೇ ಇರಲಿ. ನಿಮ್ಮ ಅಲಾರಂಗೆ ಕಣ್ಣು ಕಿವಿ ಚೆನ್ನಾಗಿಯೇ ಇವೆ, ಬಾಯಿ ಕಟ್ಟಿದೆ ಅಷ್ಟೆ. ಅಂಗಡಿಯವರು ಹೇಳಿದ ಪೆಟ್ಟಿಗೆ ಆ ಬಾಯಿ ಬಿಡಿಸುತ್ತದೆ. ಕಂಪನಿಯವರು ಅದನ್ನು ಸೆಲ್ಯುಲರ್ ಕಮ್ಯುನಿಕೇಟರ್ ಅನ್ನುತ್ತಾರೆ. ಅಂಗಡಿಯಲ್ಲಿ ಜಿಎಸ್‌ಎಂ ಡಯಲರ್ ಅಂದರೆ ಬೇಗ ಅರ್ಥವಾಗುತ್ತದೆ. ಆದರೆ "ಜೋಡಿಸಿದರೆ ಸಾಕು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆ ಜೋಡಿಸುವುದು ಅರ್ಧ ಗಂಟೆಯ ಕೆಲಸ. ಅದು ಎರಡು ವರ್ಷ ಬಿಟ್ಟು ಒಂದು ರಾತ್ರಿ ಎರಡು ಗಂಟೆಗೆ ನಿಜವಾಗಿ ಫೋನ್ ಮಾಡುವಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಮೊದಲು ಕರೆ ಯಾಕೆ ನಿಂತಿತು ನೋಡೋಣ. ತಾಮ್ರದ ಲೈನ್‌ಗೆ ಬೇಕಾದ ಕರೆಂಟು ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಸುಮಾರು 48 ವೋಲ್ಟ್, ಅದರ ಹಿಂದೆ ಎಕ್ಸ್‌ಚೇಂಜಿನ ದೊಡ್ಡ ಬ್ಯಾಟರಿಗಳು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಫೈಬರ್‌ನಲ್ಲಿ ಬರುವುದು ಬೆಳಕು ಮಾತ್ರ. ನಿಮ್ಮ ಮನೆಯ ಮೋಡೆಮ್ ಆರಿದರೆ ಫೋನೂ ಆರಿತು. ಇನ್ನೊಂದು ಸಾಧ್ಯತೆಯೂ ಇದೆ, ನಾನು ಹೋದ ಎಷ್ಟೋ ಮನೆಗಳಲ್ಲಿ ಇದೇ ಆಗಿತ್ತು. ಪ್ಯಾನೆಲ್‌ನಿಂದ ಬಂದ ಫೋನ್ ವೈರು ಇನ್ನೂ ಗೋಡೆಯ ಹಳೆಯ ಬಾಕ್ಸ್‌ನಲ್ಲೇ ಇರುತ್ತದೆ. ಫೈಬರ್ ಹಾಕಲು ಬಂದವರು ಫೋನನ್ನು ಮೋಡೆಮ್‌ಗೆ ಸಿಕ್ಕಿಸಿ ಹೋಗುತ್ತಾರೆ, ಅಲಾರಂ ವೈರು ಅವರ ಕಣ್ಣಿಗೆ ಬೀಳುವುದಿಲ್ಲ. ಊರಿಗೆ ಹೋದಾಗ ಇದನ್ನು ನೋಡಿ. ಆ ವೈರನ್ನು ಮೋಡೆಮ್‌ನ ಫೋನ್ ಸಾಕೆಟ್‌ಗೆ ಕೊಟ್ಟರೆ ಕರೆಂಟ್ ಇರುವಷ್ಟು ಹೊತ್ತು ಹಳೆಯ ಕರೆ ಮತ್ತೆ ಬರಬಹುದು. ಸಿಮ್ ಬಂದ ಮೇಲೂ ಅದು ಎರಡನೇ ದಾರಿಯಾಗಿ ಇರಲಿ.

ಇನ್ನು ಪೆಟ್ಟಿಗೆಯನ್ನು ಪ್ಯಾನೆಲ್‌ಗೆ ಸೇರಿಸುವ ವಿಧಾನ. ಒಂದು ಬಗೆಯ ಪೆಟ್ಟಿಗೆ ತಾನೇ ಲ್ಯಾಂಡ್‌ಲೈನ್ ಥರ ನಟಿಸುತ್ತದೆ. ಪ್ಯಾನೆಲ್‌ನ ಫೋನ್ ಸ್ಕ್ರೂಗಳಿಗೆ ಡಯಲ್ ಟೋನ್ ಕೊಡುತ್ತದೆ. ಪ್ಯಾನೆಲ್ ಎಂದಿನಂತೆ ನಂಬರ್ ಒತ್ತುತ್ತದೆ, ಪೆಟ್ಟಿಗೆ ಅದನ್ನು ಮೊಬೈಲ್ ಕರೆಯಾಗಿ ಹೊರಗೆ ಕಳಿಸುತ್ತದೆ. ನಿಮ್ಮದು ಧ್ವನಿ ಕರೆ ಮಾಡುವ ಪ್ಯಾನೆಲ್ ಆದ್ದರಿಂದ ಇದು ಹೊಂದುತ್ತದೆ. ಇನ್ನೊಂದು ಬಗೆಯಲ್ಲಿ ಹೂಟರ್‌ಗೆ ಹೋಗುವ 12 ವೋಲ್ಟ್ ವೈರನ್ನೇ ಪೆಟ್ಟಿಗೆಗೂ ಕೊಡುತ್ತಾರೆ. ಹೂಟರ್ ಕೂಗಿದ ಕೂಡಲೇ ಪೆಟ್ಟಿಗೆ ಫೋನ್ ಮಾಡುತ್ತದೆ. ಅಂಗಡಿಯವರು ಬಹುಶಃ ಇದನ್ನೇ ತೋರಿಸಿರುತ್ತಾರೆ. ಇದು ಸುಲಭ, ಅಗ್ಗ, ಕೆಟ್ಟದ್ದೇನಲ್ಲ. ಆದರೆ ಒಂದೇ ವೈರು ಕೊಟ್ಟರೆ ನಿಮಗೆ ಗೊತ್ತಾಗುವುದು "ಹೂಟರ್ ಕೂಗಿತು" ಅಂತ ಮಾತ್ರ. ಕರೆಂಟ್ ಹೋಗಿದೆ, ಬ್ಯಾಟರಿ ಇಳಿದಿದೆ, ಯಾರೋ ಪ್ಯಾನೆಲ್ ಮುಚ್ಚಳ ತೆಗೆದರು, ಇವು ಯಾವುವೂ ತಿಳಿಯುವುದಿಲ್ಲ. ಅದಕ್ಕೇ ನಾಲ್ಕು ಇನ್‌ಪುಟ್, ಅಂದರೆ ನಾಲ್ಕು ಬೇರೆ ಬೇರೆ ಸುದ್ದಿಯ ವೈರು ಜೋಡಿಸುವ ಜಾಗ, ಇರುವ ಪೆಟ್ಟಿಗೆ ಕೇಳಿ. ಹೂಟರ್ ಒಂದಕ್ಕೆ, ಕರೆಂಟ್ ಹೋಗಿದ್ದನ್ನು ಹೇಳುವ ರಿಲೇ ಸ್ವಿಚ್ ಒಂದಕ್ಕೆ, ಮುಚ್ಚಳ ತೆಗೆದರೆ ತಿಳಿಸುವ ಟ್ಯಾಂಪರ್ ಸ್ವಿಚ್ ಒಂದಕ್ಕೆ. ನಾಲ್ಕನೆಯದಕ್ಕೆ ಅಮ್ಮನ ಮಂಚದ ಪಕ್ಕ ಒಂದು ಪ್ಯಾನಿಕ್ ಬಟನ್ ಹಾಕಿಸಿ. ವಯಸ್ಸಾದವರು ಇಬ್ಬರೇ ಇರುವ ಮನೆಯಲ್ಲಿ ಕಳ್ಳರ ಅಲಾರಂಗಿಂತ ಆ ಬಟನ್ನೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ನಿಮ್ಮ ಪ್ಯಾನೆಲ್ ಕಂಪನಿಯೇ ಅದೇ ಮಾಡೆಲ್‌ಗೆ ಸಿಮ್ ಮಾಡ್ಯೂಲ್ ಮಾಡಿದ್ದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಯಾವ ಬಾಗಿಲು, ಎಷ್ಟು ಗಂಟೆಗೆ, ಯಾರು ಆಫ್ ಮಾಡಿದರು, ಎಲ್ಲ ಬಿಡಿಬಿಡಿಯಾಗಿ ಬರುತ್ತದೆ. ಹಲವು ಮನೆಗಳ ಅಲಾರಂ ಮೇಲೆ ಕಣ್ಣಿಡುವ ಮಾನಿಟರಿಂಗ್ ಸೆಂಟರ್‌ಗೆ ಜೋಡಿಸಿದ ಪ್ಯಾನೆಲ್‌ಗಳು ಈ ವಿವರವನ್ನು ಕಾಂಟ್ಯಾಕ್ಟ್ ಐಡಿ ಅನ್ನುವ ಸಂಕೇತದಲ್ಲಿ ಕಳಿಸುತ್ತವೆ. ಅದರಲ್ಲಿ 130 ಅಂದರೆ ಕಳ್ಳತನದ ಅಲಾರಂ, 301 ಅಂದರೆ ಕರೆಂಟ್ ಹೋಗಿದೆ, 302 ಅಂದರೆ ಬ್ಯಾಟರಿ ಇಳಿದಿದೆ, 602 ಅಂದರೆ ಸುಮ್ನೆ "ನಾನು ಇದ್ದೇನೆ" ಅನ್ನುವ ನಿತ್ಯದ ಪರೀಕ್ಷೆ. ಆ ಲೈನಿಗೆ ಕಿವಿ ಕೊಟ್ಟರೆ ಸೆಂಟರ್ ಕಡೆಯಿಂದ ಮೊದಲು 1400 ಹರ್ಟ್ಸ್‌ನ ಒಂದು ಬೀಪ್, ಹಿಂದೆಯೇ 2300 ಹರ್ಟ್ಸ್‌ನ ಇನ್ನೊಂದು ಚೂಪು ಬೀಪ್ ಕೇಳುತ್ತದೆ. ಈ ಕಡೆಯಿಂದ ಪ್ಯಾನೆಲ್ ಟಕಟಕ ಅಂತ ಅಂಕೆಗಳನ್ನು ಒತ್ತುತ್ತದೆ. ಸರಿಯಾಗಿ ತಲುಪಿದರೆ ಕೊನೆಗೆ ಒಂದು ಉದ್ದನೆಯ 1400ರ ಸದ್ದು, ಕೆಲಸ ಮುಗೀತು ಅಂತ. ಈ ಉತ್ತರದ ಸದ್ದು ಬರದಿದ್ದರೆ ಪ್ಯಾನೆಲ್ ಮತ್ತೆ ಪ್ರಯತ್ನಿಸುತ್ತದೆ. ನಿಮ್ಮ ಮನೆಗೆ ಈ ಸಂಕೇತ ಬೇಕಿಲ್ಲ. ಆದರೆ ಅದರೊಳಗಿನ ಎರಡು ಬುದ್ಧಿ ಬೇಕು: ತಲುಪಿತಾ ಅಂತ ಖಾತ್ರಿ ಮಾಡಿಕೊಳ್ಳುವುದು, ಏನೂ ಆಗದ ದಿನವೂ ಒಮ್ಮೆ ಮಾತಾಡುವುದು.

ಈಗ ಸಿಮ್. ಹೆಚ್ಚಿನವರು ಮೊದಲು ಪೆಟ್ಟಿಗೆ ಕೊಳ್ಳುತ್ತಾರೆ, ಆಮೇಲೆ ಮನೆಯಲ್ಲಿ ಬಿದ್ದಿರುವ ಒಂದು ಸಿಮ್ ಹಾಕುತ್ತಾರೆ. ಉಲ್ಟಾ ಮಾಡಿ. ಮೊದಲು ನಿಮ್ಮ ಮನೆಗೆ ಯಾವ ಟವರ್ ಸಿಗುತ್ತದೆ ನೋಡಿ, ಆಮೇಲೆ ಸಿಮ್, ಕೊನೆಗೆ ಅದಕ್ಕೆ ಹೊಂದುವ ಪೆಟ್ಟಿಗೆ.

ಕಾರಣ ಹೇಳುತ್ತೇನೆ. ಮಾರುಕಟ್ಟೆಯಲ್ಲಿರುವ ಅಗ್ಗದ ಡಯಲರ್‌ಗಳಲ್ಲಿ ಇನ್ನೂ 2ಜಿ ಚಿಪ್ ಇದೆ. ಜಿಯೋ 2016ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗಿನಿಂದ 4ಜಿ ನೆಟ್‌ವರ್ಕ್, 2ಜಿ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ 2ಜಿ ಪೆಟ್ಟಿಗೆಗೆ ಜಿಯೋ ಸಿಮ್ ಹಾಕಿದರೆ ಅದು ಯಾವತ್ತೂ ನೆಟ್‌ವರ್ಕ್ ಹಿಡಿಯುವುದಿಲ್ಲ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್‌ನಲ್ಲಿ 2ಜಿ ಇದೆ, ಇವತ್ತಿಗೆ ನಡೆಯುತ್ತದೆ. ಆದರೂ ಹೊಸದಾಗಿ 2ಜಿ ಪೆಟ್ಟಿಗೆ ಕೊಳ್ಳಬೇಡಿ ಅಂತಲೇ ನಾನು ಹೇಳುವುದು. ಅಮೆರಿಕದಲ್ಲಿ ಹಳೆಯ ಅನಲಾಗ್ ಮೊಬೈಲ್ ಸೇವೆ ನಡೆಸಲೇಬೇಕು ಅನ್ನುವ ಸರ್ಕಾರದ ಕಟ್ಟಳೆ 2008ರ ಫೆಬ್ರವರಿ 18ಕ್ಕೆ ಮುಗಿಯಿತು. ಅದನ್ನೇ ನಂಬಿದ್ದ ಅಲಾರಂಗಳ ರೇಡಿಯೋ ಬದಲಿಸಬೇಕಾಯಿತು. 2022ರ ಫೆಬ್ರವರಿ 22ಕ್ಕೆ ಎಟಿ ಅಂಡ್ ಟಿ ತನ್ನ 3ಜಿ ನಿಲ್ಲಿಸಿದಾಗ ಅದೇ ಕಥೆ ಇನ್ನೊಮ್ಮೆ. ಅಲ್ಲಿ ಮನೆ ಮಾಡಿಕೊಂಡಿರುವ ನಮ್ಮವರನ್ನು ಕೇಳಿ, ಎಷ್ಟೋ ಜನ ಆಗ ಕಮ್ಯುನಿಕೇಟರ್ ಬದಲಿಸಿದ್ದಾರೆ. ನಮ್ಮಲ್ಲೂ ಏರ್‌ಟೆಲ್ 3ಜಿ ಹೋಗಿ ವರ್ಷಗಳಾದವು. ಗೋಡೆಗೆ ಹಾಕಿದ ಅಲಾರಂ ಹತ್ತು ವರ್ಷ ಇರುತ್ತದೆ, ಮೊಬೈಲ್ ಕಂಪನಿಗಳು ಅಷ್ಟು ಕಾಯುವುದಿಲ್ಲ.

ಅಂಗಡಿಯಲ್ಲಿ "ಇದು 4ಜಿನಾ?" ಅಂತ ಮಾತ್ರ ಕೇಳಬೇಡಿ. "ಇದರಲ್ಲಿ ವೋಲ್ಟಿ ಇದೆಯಾ?" ಅಂತ ಕೇಳಿ. ವೋಲ್ಟಿ (VoLTE) ಅಂದರೆ 4ಜಿಯಲ್ಲೇ ಧ್ವನಿ ಕರೆ ಮಾಡುವ ಸೌಲಭ್ಯ. ಕೆಲವು ಪೆಟ್ಟಿಗೆಗಳು ಆ್ಯಪ್‌ಗೆ ಸಂದೇಶ ಕಳಿಸಲು 4ಜಿ ಬಳಸುತ್ತವೆ, ಕರೆ ಮಾಡಲು ಮಾತ್ರ 2ಜಿಗೆ ಇಳಿಯುತ್ತವೆ. ಅಂಥದ್ದಕ್ಕೆ ಜಿಯೋ ಹಾಕಿದರೆ ಆ್ಯಪ್ ನಡೆಯುತ್ತದೆ, ಕರೆ ಬರುವುದಿಲ್ಲ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿಸಿ, ನಿಮ್ಮ ಮೊಬೈಲ್ ರಿಂಗ್ ಆಗುವುದನ್ನು ಕಿವಿಯಾರೆ ಕೇಳಿ.

ಯಾವ ಟವರ್ ಅನ್ನುವುದನ್ನು ಮನೆಯಲ್ಲೇ ನಿಂತು ತೀರ್ಮಾನಿಸಬೇಕು. ಮೂರು ಕಂಪನಿಯ ಸಿಮ್ ಇರುವ ಫೋನ್‌ಗಳನ್ನು ತೆಗೆದುಕೊಂಡು ಹೋಗಿ. ಅಂಗಳದಲ್ಲಲ್ಲ, ಪ್ಯಾನೆಲ್ ಇರುವ ಜಾಗದಲ್ಲೇ ನಿಲ್ಲಿ. ಗೆರೆ ಎಣಿಸಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ. ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ನೋಡಿ. ಅಲ್ಲಿ ಮೈನಸ್ ಸಂಖ್ಯೆಯಲ್ಲಿ ಸಿಗ್ನಲ್ ಬಲ ಇರುತ್ತದೆ. 4ಜಿಯಲ್ಲಿ ಮೈನಸ್ 95ರ ಒಳಗಿದ್ದರೆ ಚೆನ್ನ. ಮೈನಸ್ 110ರವರೆಗೂ ಹೇಗೋ ನಡೆಯುತ್ತದೆ. ಮೈನಸ್ 115 ದಾಟಿದರೆ ಆ ಸಿಮ್ ಮೇಲೆ ಮನೆ ಕಾಯುವ ಭಾರ ಹಾಕಬೇಡಿ. ಅಲಾರಂ ಪೆಟ್ಟಿಗೆಗಳು ಸಿಗ್ನಲ್ಲನ್ನು ಸಾಮಾನ್ಯವಾಗಿ 0ಯಿಂದ 31ರ ಅಳತೆಯಲ್ಲಿ ಹೇಳುತ್ತವೆ. ಅಲ್ಲಿ 15ಕ್ಕಿಂತ ಮೇಲಿದ್ದರೆ ನೆಮ್ಮದಿ. 99 ಅಂತ ಬಂದರೆ ಭರ್ಜರಿ ಸಿಗ್ನಲ್ ಅಂತ ತಿಳಿಯಬೇಡಿ, ಅದಕ್ಕೆ ಸಿಗ್ನಲ್ ಎಷ್ಟಿದೆ ಅಂತಲೇ ಗೊತ್ತಾಗಿಲ್ಲ ಅಂತ ಅರ್ಥ. ಈ ಎರಡು ಅಳತೆ ಬೇರೆ ಬೇರೆ, ಒಂದಕ್ಕೊಂದು ಹೋಲಿಸಲು ಹೋಗಬೇಡಿ.

ನಿಮ್ಮ ಕಡೆಯ ಮನೆಗಳಿಗೆ ಒಂದು ವಿಶೇಷ ಇದೆ. ತೋಟ ತಗ್ಗಿನಲ್ಲಿ, ಸುತ್ತ ಅಡಿಕೆ ಮರ, ಆಚೆ ಗುಡ್ಡ. ಮಳೆ ಹನಿ ಈ ಸಿಗ್ನಲ್ಲನ್ನು ಅಷ್ಟಾಗಿ ತಡೆಯುವುದಿಲ್ಲ. ಒದ್ದೆ ಎಲೆಗಳು ತಡೆಯುತ್ತವೆ. ಬೇಸಿಗೆಯಲ್ಲಿ ಸರಿಯಿದ್ದ ಸಿಗ್ನಲ್ ಆಷಾಢದಲ್ಲಿ ಕೈ ಕೊಡುವುದು ಇದರಿಂದ. ಆದ್ದರಿಂದ ಜುಲೈನಲ್ಲಿ ಒಮ್ಮೆ ಮತ್ತೆ ಅಳೆಯಿರಿ.

ಸಿಗ್ನಲ್ ಕಮ್ಮಿ ಇದ್ದರೆ ಅಂಗಡಿಯವರು ಉದ್ದ ಕೇಬಲ್ ಇರುವ ಆಂಟೆನಾ ಕೊಡುತ್ತಾರೆ. ಅದರ ತೆಳ್ಳಗಿನ ಕೇಬಲ್ ಒಂದೊಂದು ಮೀಟರಿಗೂ ಸಿಗ್ನಲ್ ತಿನ್ನುತ್ತದೆ. ಹತ್ತು ಮೀಟರ್ ಎಳೆದರೆ ಮೇಲೆ ಸಿಕ್ಕಿದ್ದು ಕೆಳಗೆ ಬರುವಷ್ಟರಲ್ಲಿ ಖಾಲಿ. ಆಂಟೆನಾ ದೂರ ಒಯ್ಯುವ ಬದಲು ಪೆಟ್ಟಿಗೆಯನ್ನೇ ಅಟ್ಟಕ್ಕೆ ಹತ್ತಿಸಿ. ಪ್ಯಾನೆಲ್ ಕೆಳಗೇ ಇರಲಿ, ಅಲ್ಲಿಂದ ಅಟ್ಟಕ್ಕೆ 12 ವೋಲ್ಟಿನ ವೈರು ಮತ್ತು ಇನ್‌ಪುಟ್ ವೈರುಗಳನ್ನು ಎಳೆಸಿ. ಕರೆಂಟಿನ ವೈರು ಸ್ವಲ್ಪ ದಪ್ಪಗಿರಲಿ. 2ಜಿಯಲ್ಲಿ ಮಾತಾಡುವಾಗ ಒಳಗಿನ ಚಿಪ್ ಕ್ಷಣಕ್ಷಣಕ್ಕೂ 2 ಆಂಪಿಯರ್‌ವರೆಗೆ ಎಳೆಯುತ್ತದೆ, ತೆಳು ವೈರಿನಲ್ಲಿ ವೋಲ್ಟೇಜ್ ಕುಸಿದು ಪೆಟ್ಟಿಗೆ ಕರೆಯ ಮಧ್ಯೆಯೇ ರೀಸ್ಟಾರ್ಟ್ ಆಗಬಹುದು. ಆಂಟೆನಾವನ್ನು ಹೆಂಚಿನ ಅಡಿಯಲ್ಲೇ, ಕಬ್ಬಿಣದ ಪ್ಯಾನೆಲ್ ಡಬ್ಬಿಯಿಂದ ಮತ್ತು ಸೆನ್ಸರ್ ವೈರುಗಳಿಂದ ದೂರ ಇಡಿ. ಟಿವಿ ಪಕ್ಕ ಮೊಬೈಲ್ ಇಟ್ಟಾಗ ಹಿಂದೆಲ್ಲ "ಟರ್ರ್ ಟರ್ರ್" ಅನ್ನುತ್ತಿತ್ತಲ್ವಾ, ಅದೇ ಸದ್ದು ಸೆನ್ಸರ್ ವೈರಿಗೆ ನುಗ್ಗಿದರೆ ಸುಳ್ಳು ಅಲಾರಂ ಆಗುತ್ತದೆ. ಸೂರಿನ ಮೇಲೆ ಕಂಬ ನಿಲ್ಲಿಸಿ ಆಂಟೆನಾ ಕಟ್ಟಬೇಡಿ, ಮಲೆನಾಡಿನ ಏಪ್ರಿಲ್ ಸಿಡಿಲು ನಿಮಗೇ ಗೊತ್ತು. ಹೊರಗಿನಿಂದ ಬರುತ್ತಿದ್ದ ಉದ್ದನೆಯ ತಾಮ್ರದ ಫೋನ್ ವೈರು ಹೋಗಿದ್ದರಿಂದ ಪ್ಯಾನೆಲ್‌ಗೆ ಸಿಡಿಲು ನುಗ್ಗುವ ಒಂದು ದಾರಿ ಮುಚ್ಚಿದೆ, ಇನ್ನೊಂದನ್ನು ನಾವೇ ತೆರೆಯುವುದು ಬೇಡ. ಸಿಗ್ನಲ್ ಬೂಸ್ಟರ್ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ, ಅದನ್ನೂ ತರಬೇಡಿ. ಅನುಮತಿಯಿಲ್ಲದೆ ಅದನ್ನು ಹಾಕುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ.

ಇಷ್ಟೆಲ್ಲ ಸರಿಮಾಡಿದ ಮೇಲೂ ಒಂದು ಸಣ್ಣ ವಿಷಯ ಎಲ್ಲವನ್ನೂ ಹಾಳುಮಾಡುತ್ತದೆ. ನಮ್ಮ ಸೋದರಮಾವನ ಮನೆಯಲ್ಲಿ ಆಗಿದ್ದು. ನಾನೇ ಜೋಡಿಸಿಕೊಟ್ಟ ಪೆಟ್ಟಿಗೆ. ಅವರು ಮಗಳ ಮನೆಗೆ ಹೋಗಿದ್ದಾಗ ಕಳ್ಳರು ಹಿತ್ತಲ ಬಾಗಿಲು ಮುರಿದರು. ಹೂಟರ್ ಕೂಗಿತು. ಹತ್ತಿರದ ಮನೆ ಅರ್ಧ ಕಿಲೋಮೀಟರ್ ಆಚೆ, ಜೋರು ಮಳೆ, ಯಾರಿಗೂ ಕೇಳಿಸಲಿಲ್ಲ. ಬಚ್ಚಲಿನ ತಾಮ್ರದ ಹಂಡೆ ಎರಡು, ಒಂದು ಚೀಲ ಚಾಲಿ ಅಡಿಕೆ ಹೋಯಿತು. ನನಗೂ ಕರೆ ಬರಲಿಲ್ಲ, ಮಾವನಿಗೂ ಬರಲಿಲ್ಲ. ಮಾರನೇ ದಿನ ಹೋಗಿ ಪೆಟ್ಟಿಗೆಯ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದೆ. ಸಿಮ್‌ನಲ್ಲಿ ನಾಲ್ಕು ಮೆಸೇಜ್ ಕೂತಿದ್ದವು. ನಿಮ್ಮ ಪ್ಯಾಕ್ ಮೂರು ದಿನದಲ್ಲಿ ಮುಗಿಯುತ್ತದೆ, ನಾಳೆ ಮುಗಿಯುತ್ತದೆ, ಇವತ್ತು ಮುಗಿಯಿತು, ಹೊರಹೋಗುವ ಕರೆ ನಿಲ್ಲಿಸಲಾಗಿದೆ. ಹನ್ನೊಂದು ದಿನದ ಹಿಂದಿನವು. ರೀಚಾರ್ಜ್ ಮಾಡಿ ಅಂತ ಕಂಪನಿ ಹೇಳಿತ್ತು. ಹೇಳಿದ್ದು ಅಟ್ಟದ ಮೇಲಿನ ಪೆಟ್ಟಿಗೆಗೆ. ಆ ನೋವು ನನಗೆ ಇನ್ನೂ ಹೋಗಿಲ್ಲ.

ಅದಕ್ಕೇ ಹೀಗೆ ಮಾಡಿ. ಹೊಸ ಸಿಮ್ಮನ್ನು ಪೆಟ್ಟಿಗೆಗೆ ಹಾಕುವ ಮೊದಲು ಒಂದು ದಿನ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಆ ಕಂಪನಿಯ ಆ್ಯಪ್‌ನಲ್ಲಿ ಆ ನಂಬರನ್ನು ಸೇರಿಸಿ, ಒಟಿಪಿ ಬರುವುದು ಆ ಸಿಮ್‌ಗೇ, ಆಮೇಲೆ ಅಟ್ಟ ಹತ್ತಿ ಒಟಿಪಿ ನೋಡಲು ಆಗುವುದಿಲ್ಲ. ಸಿಮ್‌ನ ಪಿನ್ ಲಾಕ್ ಇದ್ದರೆ ತೆಗೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಕೊನೆಯಲ್ಲಿ ಹೊರಡಿಸಿದ ನಿಯಮದಿಂದ ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ, ವರ್ಷದವರೆಗೆ ನಡೆಯುವ ಪ್ಯಾಕ್‌ಗಳು ಬಂದಿವೆ. ಕರೆ, ಎಸ್‌ಎಂಎಸ್ ಮಾತ್ರ ಮಾಡುವ ಪೆಟ್ಟಿಗೆಗೆ ಅದು ಸರಿಹೊಂದುತ್ತದೆ. ಆ್ಯಪ್ ಇರುವ ಪೆಟ್ಟಿಗೆಯಾದರೆ ಡೇಟಾ ಇರುವ ವರ್ಷದ ಪ್ಯಾಕ್ ಬೇಕು. ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ನಿಮ್ಮ ಮೊಬೈಲಿನಲ್ಲೂ ಹತ್ತು ದಿನ ಮೊದಲು ನೆನಪಿಸುವಂತೆ ಇಡಿ. ಇನ್ನೊಂದು ಮಾತು: 90 ದಿನ ಏನೂ ಬಳಕೆಯಿಲ್ಲದ ಸಿಮ್ಮನ್ನು ಕಂಪನಿ ಬಂದ್ ಮಾಡಬಹುದು. ಅಲಾರಂ ಸಿಮ್ ಹಾಗೆ ಸುಮ್ಮನೆ ಕೂರುವಂಥದ್ದೇ ಅಲ್ವಾ?

ಇದಕ್ಕೂ ಮಾವನ ಮನೆಯಲ್ಲಿ ಆದದ್ದಕ್ಕೂ ಮದ್ದು ಒಂದೇ, ದಿನದ ಟೆಸ್ಟ್ ಮೆಸೇಜ್. ಬೆಳಿಗ್ಗೆ ಎಂಟಕ್ಕೆ "ಮನೆ ಸರಿಯಿದೆ, ಕರೆಂಟ್ ಇದೆ" ಅಂತ ಒಂದು ಎಸ್‌ಎಂಎಸ್ ಬರುವಂತೆ ಮಾಡಿ. ಬಂದದ್ದು ಮನಸ್ಸಿಗೆ ತಟ್ಟುತ್ತದೆ, ಬಾರದಿದ್ದದ್ದು ಕೆಲವು ದಿನ ಗಮನಕ್ಕೇ ಬರುವುದಿಲ್ಲ. ಇದು ನಮ್ಮ ಸ್ವಭಾವ. ಹಾಗಾಗಿ ದುಡ್ಡಿನ ಅನುಕೂಲ ಇದ್ದರೆ ಆ್ಯಪ್ ಇರುವ ಪೆಟ್ಟಿಗೆ ತೆಗೆದುಕೊಳ್ಳಿ ಅನ್ನುತ್ತೇನೆ. ಅದು ಸಿಮ್‌ನ ಡೇಟಾದಲ್ಲಿ ಆಗಾಗ ಸರ್ವರ್‌ಗೆ ಹಾಜರಿ ಹಾಕುತ್ತದೆ. ಹಾಜರಿ ತಪ್ಪಿದರೆ ಸರ್ವರ್ ನಿಮಗೆ ಹೇಳುತ್ತದೆ. ಯಾರಾದರೂ ಸಿಗ್ನಲ್ ತಡೆಯುವ ಜಾಮರ್ ಹಾಕಿದರೂ, ಪೆಟ್ಟಿಗೆ ಒಡೆದರೂ, ಸಿಮ್ ಸತ್ತರೂ ಬೇಗ ಗೊತ್ತಾಗುವುದು ಈ ದಾರಿಯಲ್ಲೇ. ನಾಳೆ ನೀವು ಕೆಲಸದ ಮೇಲೆ ಹೊರದೇಶಕ್ಕೆ ಹೋದರೂ ಆ್ಯಪ್ ಬೇಕಾಗುತ್ತದೆ, ಸಾಮಾನ್ಯ ಪ್ಯಾಕ್‌ನಿಂದ ಹೊರದೇಶದ ನಂಬರಿಗೆ ಕರೆ ಹೋಗುವುದಿಲ್ಲ.

ಕರೆಂಟಿನ ಲೆಕ್ಕ. ಪ್ಯಾನೆಲ್ ಒಳಗೆ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಪ್ಯಾನೆಲ್, ಸೆನ್ಸರ್, ಹೊಸ ಪೆಟ್ಟಿಗೆ ಸೇರಿ ಸುಮಾರು 200 ಮಿಲಿ ಆಂಪಿಯರ್ ಎಳೆಯುತ್ತವೆ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ 35 ಗಂಟೆ. ಮೂರು ನಾಲ್ಕು ವರ್ಷದ ಬ್ಯಾಟರಿಯಾದರೆ ಅರ್ಧವೂ ಕಷ್ಟ. ಎಂಟು ವರ್ಷದಿಂದ ಬದಲಿಸಿಲ್ಲ ಅಂದರೆ ಅದು ಇದ್ದೂ ಇಲ್ಲದ ಹಾಗೆ. ಮೊದಲು ಅದನ್ನು ಬದಲಿಸಿ. ಎರಡು ದಿನಕ್ಕೆ ಸುಲಭದ ದಾರಿ ಮನೆಯ ಇನ್ವರ್ಟರ್. ಪ್ಯಾನೆಲ್‌ನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಕೊಡಿಸಿ. ಆದರೆ ಊರು ಬಿಡುವಾಗ ಹಿರಿಯರು ಏನು ಮಾಡುತ್ತಾರೆ? ಸಿಡಿಲಿಗೆ ಹೆದರಿ ಮೇನ್ ಸ್ವಿಚ್ ಇಳಿಸುತ್ತಾರೆ, ಇನ್ವರ್ಟರನ್ನೂ ಆಫ್ ಮಾಡುತ್ತಾರೆ. ಎರಡನೇ ದಿನಕ್ಕೆ ಅಲಾರಂ ಮಲಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಅಲಾರಂ ಮತ್ತು ಇನ್ವರ್ಟರ್‌ಗೆ ಪ್ರತ್ಯೇಕ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿ, ಸಿಡಿಲಿನ ಹೊತ್ತು ನುಗ್ಗುವ ಹೆಚ್ಚು ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಸೇರಿಸಿ, ಅರ್ಥಿಂಗ್ ನೋಡಿಸಿ. ಎಂಸಿಬಿ ಮೇಲೆ ಕೆಂಪು ಟೇಪ್ ಅಂಟಿಸಿ "ಇದನ್ನು ಇಳಿಸಬೇಡಿ" ಅಂತ ಬರೆಯಿರಿ. ಅಪ್ಪನಿಗೆ ಒಮ್ಮೆ ಕೂತು ವಿವರಿಸಿ.

ನಿಮ್ಮ ಮನೆಯಲ್ಲಿ ಎಷ್ಟೇ ಬ್ಯಾಟರಿ ಇದ್ದರೂ ಟವರ್‌ನಲ್ಲಿ ಇರಬೇಕಲ್ಲ. ಅಲ್ಲಿಯೂ ಬ್ಯಾಟರಿ, ಕೆಲವು ಕಡೆ ಡೀಸೆಲ್. ಅದು ಮುಗಿದರೆ ಊರಿಗೆ ಊರೇ ನೆಟ್‌ವರ್ಕ್ ಇಲ್ಲ. ಎರಡು ಸಿಮ್ ಹಾಕುವ ಪೆಟ್ಟಿಗೆ ಇಲ್ಲಿ ಸಹಾಯಕ್ಕೆ ಬರುತ್ತದೆ, ಆದರೆ ಎರಡು ಕಂಪನಿಯೂ ಒಂದೇ ಟವರ್ ಹಂಚಿಕೊಂಡಿದ್ದರೆ ಪ್ರಯೋಜನ ಇಲ್ಲ. ನಿಮ್ಮೂರಿನ ಟವರ್‌ಗಳು ಎಲ್ಲಿವೆ, ಕರೆಂಟ್ ಹೋದಾಗ ಯಾವುದು ಕೊನೆಗೆ ಆರುತ್ತದೆ ಅಂತ ಊರಿನವರಿಗೆ ಗೊತ್ತಿರುತ್ತದೆ, ಕೇಳಿ. ಹೂಟರ್ ಮಾತ್ರ ಯಾವ ಕಾರಣಕ್ಕೂ ತೆಗೆಸಬೇಡಿ.

ಕರೆ ಯಾರಿಗೆ ಹೋಗಬೇಕು? ನಿಮ್ಮ ನಂಬರ್ ಮೊದಲು ಹಾಕಬೇಡಿ. ನೀವು 300 ಕಿಲೋಮೀಟರ್ ದೂರದಲ್ಲಿದ್ದೀರಿ. ಮೊದಲ ನಂಬರ್ ಪಕ್ಕದ ತೋಟದವರದ್ದು, ಅವರ ಒಪ್ಪಿಗೆ ಪಡೆದು. ಎರಡನೆಯದು ಊರಲ್ಲೇ ಇರುವ ನೆಂಟರದ್ದು, ಮೂರನೆಯದು ನಿಮ್ಮದು. ಆ ಸಿಮ್ ನಂಬರನ್ನು ಮೂವರ ಫೋನಿನಲ್ಲೂ "ಮನೆ ಅಲಾರಂ" ಅಂತ ಸೇವ್ ಮಾಡಿಸಿ, ರಾತ್ರಿ "ಡು ನಾಟ್ ಡಿಸ್ಟರ್ಬ್" ಹಾಕಿದ್ದರೂ ರಿಂಗ್ ಆಗುವ ಹಾಗೆ ಫೇವರಿಟ್‌ಗೆ ಸೇರಿಸಿ. ಪೊಲೀಸರ ತುರ್ತು ನಂಬರ್ 112ಕ್ಕೆ ಪೆಟ್ಟಿಗೆಯಿಂದ ತಾನಾಗಿ ಕರೆ ಹೋಗುವಂತೆ ಮಾಡಬೇಡಿ. ಹಲ್ಲಿ ಓಡಾಡಿದ್ದಕ್ಕೂ ಸೆನ್ಸರ್ ಕೂಗುತ್ತದೆ. ಮನುಷ್ಯರು ವಿಚಾರಿಸಿ ಮನುಷ್ಯರೇ 112ಕ್ಕೆ ಮಾಡಲಿ. ಪಕ್ಕದವರು ಒಬ್ಬರೇ ಟಾರ್ಚ್ ಹಿಡಿದು ಒಳಗೆ ಹೋಗಬಾರದು ಅಂತಲೂ ಅವರಿಗೆ ಹೇಳಿ. ಬೀಗ ಹಾಕಿ ಹೊರಡುವ ಮೊದಲು ಸ್ಟೇಷನ್‌ಗೆ ಒಂದು ಮಾತು ತಿಳಿಸಿ ಬನ್ನಿ. ಪೆಟ್ಟಿಗೆಯ ಪಾಸ್‌ವರ್ಡ್ 1234 ಅಥವಾ 0000 ಇದ್ದರೆ ಮೊದಲ ದಿನವೇ ಬದಲಿಸಿ, ಇಲ್ಲವಾದರೆ ಒಂದು ಎಸ್‌ಎಂಎಸ್‌ನಿಂದ ಯಾರು ಬೇಕಾದರೂ ನಿಮ್ಮ ಅಲಾರಂ ಆಫ್ ಮಾಡಬಹುದು.

ಎಲ್ಲ ಜೋಡಿಸಿದ ದಿನ ಎಲೆಕ್ಟ್ರಿಷಿಯನ್ ಹೊರಡುವ ಮೊದಲು, ಕರೆಂಟ್ ಇಲ್ಲದೆಯೂ ಕರೆ ಹೋಗುತ್ತದಾ ಅಂತ ನೋಡಲು ಅಲಾರಂನ ಎಂಸಿಬಿ ಇಳಿಸಿ. ಅಲಾರಂ ಆನ್ ಮಾಡಿ ಹಿತ್ತಲ ಬಾಗಿಲು ತೆಗೆಯಿರಿ. ಗಡಿಯಾರ ನೋಡಿಕೊಂಡು ಮೂರೂ ಫೋನ್ ಎಷ್ಟು ಸೆಕೆಂಡಿಗೆ ರಿಂಗ್ ಆದವು ಅಂತ ಬರೆದಿಡಿ. ಒಂದು ನಿಮಿಷದೊಳಗೆ ಮೊದಲ ಫೋನ್ ರಿಂಗ್ ಆಗಲೇಬೇಕು. ಆಮೇಲೆ ಎಂಸಿಬಿ ಮತ್ತೆ ಏರಿಸಲು ಮರೆಯಬೇಡಿ. ಪ್ಯಾನೆಲ್ ಮುಚ್ಚಳದ ಒಳಗೆ ವೈರಿಂಗ್ ಚಿತ್ರ ಅಂಟಿಸಿರುತ್ತಾರೆ. ಅದರ ಫೋಟೋ ಮತ್ತು ಅಟ್ಟದಲ್ಲಿ ನೀವು ಅಳೆದ ಸಿಗ್ನಲ್ ಸಂಖ್ಯೆ ಎರಡನ್ನೂ ಕಳಿಸಿ. ಯಾವ ಸ್ಕ್ರೂಗೆ ಯಾವ ವೈರು ಅಂತ ಗುರುತು ಹಾಕಿ ಕೊಡುತ್ತೇನೆ.